ಚೌಕ, ವೃತ್ತ, ತಾಳ: ಎಲ್ಪಿ ಕವರಿನಂಥ ಸ್ಕ್ರೀನ್ ಪ್ರಿಂಟ್ ಮನೆಯಲ್ಲೇ ಮಾಡುವುದು ಹೇಗೆ?

ಹಳೆಯ ಎಲ್ಪಿ, ಅಂದರೆ ಗ್ರಾಮಫೋನ್ ರೆಕಾರ್ಡ್ ಕವರುಗಳ ಬಗ್ಗೆ ಏನೇ ಬರೆದರೂ ಓದುಗರು ಕೇಳುವುದು ಒಂದೇ ಪ್ರಶ್ನೆ. ಬರೀ ಚೌಕ, ವೃತ್ತ, ಗೆರೆ ಇರುವ ಆ ಥರದ ಪ್ರಿಂಟನ್ನು ನಾವೇ ಮಾಡಬಹುದಾ? ಮುಂಬೈ ಪಕ್ಕದ ಡೊಂಬಿವ್ಲಿಯ ಒನ್ ಬಿಎಚ್‌ಕೆಯಲ್ಲಿ ಜಾಗ ಸಾಲುತ್ತದಾ? ಸಾಮಾನು ಎಲ್ಲಿ ಸಿಗುತ್ತದೆ? ಮಾಡಬಹುದು, ಜಾಗವೂ ಸಾಲುತ್ತದೆ. ಊಟದ ಟೇಬಲ್ಲು, ಒಂದು ಬಾತ್‌ರೂಮು, ಎರಡು ವಾರಾಂತ್ಯ ಇದ್ದರೆ ಸಾಕು. ಸಾಮಾನಿನ ವಿಷಯಕ್ಕೆ ಮುಂದೆ ಬರುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೋಡಲು ಸುಲಭ ಅನ್ನಿಸುವ ಈ ಗೆರೆ-ಚೌಕದ ಪ್ರಿಂಟೇ ಮಾಡಲು ಕಷ್ಟ. ಹೂಬಳ್ಳಿಯ ಚಿತ್ರದಲ್ಲಿ ಒಂದು ಬಣ್ಣ ಕೂದಲೆಳೆಯಷ್ಟು ಜರುಗಿದರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡು ಚೌಕಗಳ ನಡುವೆ ಅರ್ಧ ಮಿಲಿಮೀಟರ್ ಬಿಳಿ ಕಾಗದ ಇಣುಕಿದರೆ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಹಾಗಾಗಿ ಕೈ ಎಷ್ಟು ಪಳಗಿದೆ ಅನ್ನುವುದಕ್ಕಿಂತ, ಕೈತಪ್ಪು ಕಾಣದ ಹಾಗೆ ಡಿಸೈನ್ ಮಾಡಿದ್ದೀರಾ ಅನ್ನುವುದೇ ಮುಖ್ಯ. ಈ ಲೇಖನದ ಅರ್ಧ ಭಾಗ ಅದರ ಬಗ್ಗೆಯೇ ಇದೆ.

ಸ್ಕ್ರೀನ್ ಪ್ರಿಂಟ್ ಅಂದರೆ ಏನು ಅಂತ ಕೇಳುವವರಿಗೆ: ಮರದ ಅಥವಾ ಅಲ್ಯೂಮಿನಿಯಂ ಫ್ರೇಮಿಗೆ ನುಣುಪಾದ ಜಾಲರಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಅಂಟಿಸಿರುತ್ತಾರೆ. ಚಿತ್ರ ಬೇಡದ ಕಡೆ ಜಾಲರಿಯ ರಂಧ್ರ ಮುಚ್ಚಿರುತ್ತದೆ, ಬೇಕಾದ ಕಡೆ ತೆರೆದಿರುತ್ತದೆ. ಮೇಲೆ ಇಂಕ್ ಹಾಕಿ ರಬ್ಬರ್ ಪಟ್ಟಿಯಿಂದ ಎಳೆದರೆ ತೆರೆದ ಕಡೆಯಿಂದಷ್ಟೇ ಇಂಕ್ ಕಾಗದಕ್ಕೆ ಇಳಿಯುತ್ತದೆ. ಒಂದು ಬಣ್ಣಕ್ಕೆ ಒಂದು ಸ್ಕ್ರೀನ್. ನಿಮ್ಮ ಮದುವೆ ಕಾರ್ಡಿನ ಬಂಗಾರದ ಗಣಪತಿ ಬಂದಿದ್ದು ಬಹುಶಃ ಹೀಗೇ.

ಮೊದಲು ಯಾವ ಕವರ್ ನೋಡಬೇಕು?

ಮೂರೇ ಮೂರು ಕೆಲಸಗಳನ್ನು ಸರಿಯಾಗಿ ನೋಡಿ, ಸಾಕು.

ಮೊದಲನೆಯದು ಜೋಸೆಫ್ ಆಲ್ಬರ್ಸ್ ಅವರದ್ದು. ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಪಾಠ ಮಾಡಿ, ಆಮೇಲೆ ಅಮೆರಿಕಕ್ಕೆ ಹೋದ ಕಲಾವಿದ. ಚೌಕದೊಳಗೆ ಚೌಕ ಇಟ್ಟು ಬರೆದ ಅವರ ಚಿತ್ರಮಾಲೆ 1950ರಲ್ಲಿ ಶುರುವಾಯಿತು. 1959ರಿಂದ ಅವರು ಕಮಾಂಡ್ ರೆಕಾರ್ಡ್ಸ್ ಕಂಪನಿಗೆ ಕೆಲವು ಎಲ್ಪಿ ಕವರ್ ಮಾಡಿಕೊಟ್ಟರು. 'ಪರ್ಸ್ವೇಸಿವ್ ಪರ್ಕಶನ್' ಕವರಿನಲ್ಲಿ ಇರುವುದು ಸಾಲಾಗಿ ಒತ್ತಿ ಜೋಡಿಸಿದ ಕಪ್ಪು ಚುಕ್ಕಿಗಳು. ಮೇಲ್ಗಡೆ ಕೆಲವೇ ಚುಕ್ಕಿ ಸಾಲು ಬಿಟ್ಟು ಮೇಲಕ್ಕೆ ಚಿಮ್ಮಿವೆ. ತಾಳವಾದ್ಯದ ರೆಕಾರ್ಡಿಗೆ ಡ್ರಮ್ಮಿನ ಚಿತ್ರ ಹಾಕದೆ ಪೆಟ್ಟನ್ನೇ ತೋರಿಸಿಬಿಟ್ಟರು. ಬಣ್ಣ ಒಂದೇ, ಅಂದರೆ ಸ್ಕ್ರೀನ್ ಒಂದೇ. ನೀವು ಮೊದಲು ಮಾಡಬೇಕಾದ್ದು ಈ ಥರದ್ದು.

ಎರಡನೆಯದು ಕವರ್ ಅಲ್ಲ, ಪೋಸ್ಟರ್. ಸ್ವಿಸ್ ಡಿಸೈನರ್ ಜೋಸೆಫ್ ಮ್ಯುಲರ್-ಬ್ರೋಕ್‌ಮನ್ ಜ್ಯೂರಿಕ್‌ನ ಟೋನ್‌ಹಾಲೆ ಸಭಾಂಗಣದ ಸಂಗೀತ ಕಛೇರಿಗಳಿಗೆ ವರ್ಷಗಟ್ಟಲೆ ಪೋಸ್ಟರ್ ಮಾಡಿದರು. 1955ರ ಬೀಥೋವನ್ ಪೋಸ್ಟರಿನಲ್ಲಿ ದಪ್ಪ ಕಮಾನುಗಳು ಒಂದು ಕೇಂದ್ರವನ್ನು ಸುತ್ತುತ್ತವೆ. ಹೊರಗೆ ಹೋದಂತೆ ಪಟ್ಟಿಯ ದಪ್ಪ ಇಮ್ಮಡಿಯಾಗುತ್ತಾ ಹೋಗುತ್ತದೆ. ಲೆಕ್ಕ ಹಾಕಿ ಬರೆದ ಚಿತ್ರ, ಆದರೂ ಲೆಕ್ಕದ ಹಾಗೆ ಕಾಣುವುದಿಲ್ಲ. ಹಾಡಿನ ಏರಿಕೆಯನ್ನು ಅಳತೆಯಲ್ಲಿ ಹೇಗೆ ತರಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗಂತೂ ಸಿಕ್ಕಿಲ್ಲ.

ಮೂರನೆಯದನ್ನು ನೀವು ಟೀ ಶರ್ಟ್ ಮೇಲೆ ನೋಡಿಯೇ ಇರುತ್ತೀರಿ. ಲೋಕಲ್ ಟ್ರೇನಿನಲ್ಲೂ ಒಬ್ಬರಾದರೂ ಹಾಕಿಕೊಂಡಿರುತ್ತಾರೆ. ಕಪ್ಪು ಹಿನ್ನೆಲೆ, ಬೆಟ್ಟದ ಸಾಲಿನಂಥ ಬಿಳಿ ಗೆರೆಗಳು. ಜಾಯ್ ಡಿವಿಷನ್ ತಂಡದ 1979ರ ಆಲ್ಬಂಗೆ ಪೀಟರ್ ಸ್ಯಾವಿಲ್ ಮಾಡಿದ ಕವರ್ ಅದು. ಗೆರೆಗಳು 1967ರಲ್ಲಿ ಮೊದಲ ಬಾರಿ ಪತ್ತೆಯಾದ ಪಲ್ಸರ್ ನಕ್ಷತ್ರದ ರೇಡಿಯೋ ಮಿಡಿತದವು. ಎಲ್ಲರೂ ಇದರಿಂದಲೇ ಶುರು ಮಾಡಲು ಹೊರಡುತ್ತಾರೆ. ದಯವಿಟ್ಟು ಬೇಡ. ತುಂಬಿದ ಕಪ್ಪಿನ ನಡುವೆ ಸಣ್ಣ ಬಿಳಿ ಗೆರೆ ಉಳಿಸುವುದು ಹೊಸಬರ ಕೈಯಲ್ಲಿ ಆಗದ ಕೆಲಸ. ಎರಡೂ ಕಡೆಯಿಂದ ಇಂಕ್ ಹರಡಿ ಗೆರೆ ಮುಚ್ಚಿಹೋಗುತ್ತದೆ.

ಅಸಲಿ ಕವರುಗಳನ್ನು ಕೈಯಲ್ಲಿ ಹಿಡಿದು ನೋಡಬೇಕಾ? ಕಾಲಾ ಘೋಡಾದ ರೆಕಾರ್ಡ್ ಅಂಗಡಿ ರಿದಂ ಹೌಸ್ 2016ರಲ್ಲೇ ಬಾಗಿಲು ಹಾಕಿತು. ಈಗ ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹೋಗಿ. ಶುಕ್ರವಾರ ಬೇಡ, ಅಂಗಡಿ ಮುಚ್ಚಿರುತ್ತವೆ. ನಮ್ಮ ಶಾಸ್ತ್ರೀಯ ಸಂಗೀತದ ಎಲ್ಪಿಗಳಲ್ಲಿ ಜಾಸ್ತಿ ಸಿಗುವುದು ಗಾಯಕರ ಫೋಟೋ. ಅಂದರೆ ನೀವು ತುಂಬಬಹುದಾದ ಜಾಗ ಬೇಕಾದಷ್ಟಿದೆ.

ಬೇಕಾಗುವ ಸಾಮಾನು

ಫ್ರೇಮ್ ಎರಡು. ಒಳಗಿನ ಅಳತೆ ಸುಮಾರು 450 ಮಿಮೀ ಚೌಕ ಇರಲಿ. ಚಿತ್ರದ ಸುತ್ತ 80-90 ಮಿಮೀ ಖಾಲಿ ಜಾಲರಿ ಬೇಕೇ ಬೇಕು, ಇಲ್ಲದಿದ್ದರೆ ಅಂಚಿನಲ್ಲಿ ಒತ್ತಡ ಸರಿಯಾಗಿ ಬೀಳುವುದಿಲ್ಲ. ಜಾಲರಿಯನ್ನು ಅಂಗಡಿಯವರು ಬೋಲ್ಟಿಂಗ್ ಕ್ಲಾತ್ ಅನ್ನುತ್ತಾರೆ. ಒಂದು ಸೆಂಟಿಮೀಟರಿಗೆ ಎಷ್ಟು ಎಳೆ ಅನ್ನುವುದೇ ಅದರ ನಂಬರು. ಕಾಗದಕ್ಕೆ 90ಟಿಯಿಂದ 120ಟಿ ಕೇಳಿ. 43ಟಿ ಕೊಟ್ಟರೆ ಅದು ಬಟ್ಟೆಗೆ, ವಾಪಸ್ ಕೊಡಿ. ಪಾಲಿಯೆಸ್ಟರ್ ಜಾಲರಿ ಇರಲಿ. ನೈಲಾನ್ ಒದ್ದೆಯಾದರೆ ಸಡಿಲವಾಗುತ್ತದೆ, ನಮ್ಮ ಕೆಲಸಕ್ಕೆ ಆಗುವುದಿಲ್ಲ. ಅಂಗಡಿಯವರಿಂದಲೇ ಎಳೆಸಿಕೊಳ್ಳಿ. ಮನೆಯಲ್ಲಿ ಸ್ಟೇಪ್ಲರ್ ಹೊಡೆದು ಎಳೆದ ಜಾಲರಿಯಲ್ಲಿ ಚೌಕ ಚೌಕವಾಗಿ ಉಳಿಯುವುದಿಲ್ಲ.

ಸ್ಕ್ವೀಜಿ ಒಂದು. ರಬ್ಬರ್ ಅಥವಾ ಪಾಲಿಯುರೆಥೇನ್ ಪಟ್ಟಿ ಹಾಕಿದ ಹಿಡಿ ಇದು. ಚಿತ್ರಕ್ಕಿಂತ 40-50 ಮಿಮೀ ಅಗಲ ಇರಲಿ. ಅಂಚು ಚೂಪಾಗಿದೆಯೇ ನೋಡಿ ತನ್ನಿ, ದುಂಡಗಾಗಿದ್ದರೆ ಇಂಕ್ ಜಾಸ್ತಿ ಇಳಿಯುತ್ತದೆ.

ಎಮಲ್ಷನ್, ಅಂದರೆ ಬೆಳಕು ಬಿದ್ದರೆ ಗಟ್ಟಿಯಾಗಿ ಜಾಲರಿಯ ರಂಧ್ರ ಮುಚ್ಚುವ ದ್ರಾವಣ. ಇಲ್ಲಿ ಸ್ವಲ್ಪ ಹುಷಾರಾಗಿರಿ. ಅಗ್ಗ ಅಂತ ಬೈಕ್ರೋಮೇಟ್ ಪುಡಿ ಕಲಸುವ ಹಳೆ ಪದ್ಧತಿಯನ್ನು ಈಗಲೂ ಹಲವರು ಹೇಳಿಕೊಡುತ್ತಾರೆ. ಅದು ಕ್ರೋಮಿಯಂನ ವಿಷಕಾರಿ ರೂಪ, ಕ್ಯಾನ್ಸರ್ ತರುವಂಥದ್ದು. ಅಡುಗೆಮನೆ ಇರುವ ಫ್ಲಾಟಿಗೆ ಬರಲೇಬಾರದು. ಡಯಾಜೋ ಎಮಲ್ಷನ್ ಅಥವಾ ರೆಡಿ ಫೋಟೋಪಾಲಿಮರ್ ಕೇಳಿ. ಇಂಕ್ ಕೂಡ ನೀರಿನದ್ದೇ ಇರಲಿ. ಥಿನ್ನರ್ ಬೇಕಾಗುವ ಇಂಕು ಕಿಟಕಿ ಚಿಕ್ಕದಿರುವ ಮನೆಗೆ ಸಲ್ಲದು. ಇಂಕಿನ ಜೊತೆ ಟ್ರಾನ್ಸ್‌ಪರೆಂಟ್ ಬೇಸ್ ಅನ್ನುವ ಬಣ್ಣವಿಲ್ಲದ ಅಂಟು ತಪ್ಪದೆ ತನ್ನಿ. ಮುಂದಿನ ಕೆಲಸವೆಲ್ಲ ಅದರ ಮೇಲೆ ನಿಂತಿದೆ.

ಕಾಗದ 250ರಿಂದ 300 ಜಿಎಸ್ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ಅನ್ನುವ ಲೆಕ್ಕ). 315 ಮಿಮೀ ಚೌಕಕ್ಕೆ ಕತ್ತರಿಸಿಕೊಳ್ಳಿ. ಎಲ್ಪಿ ಕವರಿನ ಅಳತೆ ಹೆಚ್ಚುಕಮ್ಮಿ ಇಷ್ಟೇ. ಎಲ್ಲ ಹಾಳೆಯೂ ಒಂದೇ ಬಂಡಲಿನದ್ದು, ಒಂದೇ ದಿಕ್ಕಿಗೆ ಕತ್ತರಿಸಿದ್ದು ಆಗಿರಲಿ. ಯಾಕೆ ಅನ್ನುವುದು ಆರನೇ ಹಂತದಲ್ಲಿ ಗೊತ್ತಾಗುತ್ತದೆ.

ಕಾಗದಕ್ಕೆ ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟ್ ಸುತ್ತಮುತ್ತ ಹೋಗಿ. ಉಳಿದದ್ದಕ್ಕೆ ಒಂದು ಸುಲಭದ ದಾರಿ ಇದೆ. ಗಿರ್ಗಾಂವ್‌ನ ಖಾಡಿಲ್ಕರ್ ರೋಡ್ ಮದುವೆ ಕಾರ್ಡಿನ ಅಂಗಡಿಗಳಿಗೆ ಹೆಸರುವಾಸಿ. ಅಲ್ಲಿ ಅಥವಾ ನಿಮ್ಮ ಏರಿಯಾದಲ್ಲೇ ಕಾರ್ಡ್ ಪ್ರಿಂಟ್ ಮಾಡುವವರ ಹತ್ತಿರ ಹೋಗಿ, 'ಭಾವೂ, ನೀವು ಮಾಲು ಎಲ್ಲಿಂದ ತರುತ್ತೀರಿ?' ಅಂತ ಕೇಳಿ. ಹೇಳುತ್ತಾರೆ. ಚಹಾ ಕೊಡಿಸಿದರೆ ಎಷ್ಟಕ್ಕೆ ತರುತ್ತಾರೆ ಅನ್ನುವುದನ್ನೂ ಹೇಳುತ್ತಾರೆ.

1. ಹಾಡು ಕೇಳಿ, ಆಮೇಲೆ ಗೆರೆ ಎಳೆಯಿರಿ

ಸುಮ್ನೆ ಚೌಕ ಬರೆದು ಅದಕ್ಕೊಂದು ರಾಗದ ಹೆಸರಿಟ್ಟರೆ ಅದು ಸಂಗೀತದ ಚಿತ್ರ ಆಗುವುದಿಲ್ಲ, ಅಲ್ವಾ? ಹಾಡಿನೊಳಗೆ ಇರುವ ಒಂದು ಲೆಕ್ಕವನ್ನು ಹಿಡಿಯಬೇಕು. ನಮಗೆ ತಾಳ ಇದೆ. ಅದಕ್ಕಿಂತ ಒಳ್ಳೆಯ ಗ್ರಿಡ್ ಯಾರಿಗೂ ಸಿಗಲಿಕ್ಕಿಲ್ಲ. ಗ್ರಿಡ್ ಅಂದರೆ ಚಿತ್ರದ ಕೆಳಗೆ ಅಡಗಿರುವ ಅಡ್ಡ-ಉದ್ದ ಗೆರೆಗಳ ಚೌಕಟ್ಟು.

ಚಿತ್ರದ ಅಳತೆ 270 ಮಿಮೀ ಚೌಕ ಇಟ್ಟುಕೊಳ್ಳಿ. 300 ಯಾಕಲ್ಲ? ಎ3 ಹಾಳೆಯ ಅಗಲ 297 ಮಿಮೀ. 300ರ ಚಿತ್ರ ಮಾಡಿಕೊಂಡು ಡಿಟಿಪಿ ಅಂಗಡಿಗೆ ಹೋದರೆ ಅವರು 'ಫಿಟ್ ಟು ಪೇಜ್' ಒತ್ತಿಬಿಡುತ್ತಾರೆ. ನಿಮ್ಮ ಲೆಕ್ಕ ಅಲ್ಲಿಗೆ ಮುಗಿಯಿತು.

ಈಗ ಹಿಂದೂಸ್ತಾನಿ ಸಂಗೀತದ ಝಪ್‌ತಾಲ್ ತೆಗೆದುಕೊಳ್ಳಿ. ಹತ್ತು ಮಾತ್ರೆ, ಅಂದರೆ ಹತ್ತು ಎಣಿಕೆ, 2-3-2-3 ಅಂತ ಭಾಗ. 270ನ್ನು ಹತ್ತರಿಂದ ಭಾಗಿಸಿದರೆ ಮಾತ್ರೆಗೆ 27 ಮಿಮೀ. ಹಾಗಾದರೆ ನಾಲ್ಕು ಪಟ್ಟಿ: 54, 81, 54, 81. ಮೂರನೇ ಭಾಗ, ಅಂದರೆ ಆರನೇ ಮಾತ್ರೆಯಿಂದ ಶುರುವಾಗುವುದು, ಖಾಲಿ. ಅಲ್ಲಿ ಕೈ ತಟ್ಟುವುದಿಲ್ಲ, ಬೀಸುತ್ತೇವೆ. ಆ 54 ಮಿಮೀ ಪಟ್ಟಿಯನ್ನು ಬಿಳಿಯಾಗಿ ಬಿಡಿ. ಉಳಿದವನ್ನು ತುಂಬಿ. ಇಷ್ಟು ಮಾಡಿದ ಕೂಡಲೇ ಹಾಳೆ ಒಂದು ಕಡೆಗೆ ವಾಲಿದ ಹಾಗೆ ಕಾಣುತ್ತದೆ. ಸಮನಾಗಿ ನಾಲ್ಕು ಪಟ್ಟಿ ಎಳೆದರೆ ಈ ನಡಿಗೆ ಬರುವುದಿಲ್ಲ. ದುಗುನ್, ಅಂದರೆ ಇಮ್ಮಡಿ ವೇಗ ಬೇಕಿದ್ದರೆ 27ನ್ನು ಅರ್ಧ ಮಾಡಿ, 13.5ರ ಚುಕ್ಕಿ ಸಾಲು ಇಡಿ.

ಕರ್ನಾಟಕ ಸಂಗೀತದವರಾದರೆ ಆದಿತಾಳದ 4-2-2 ನೋಡಿ: 135, 67.5, 67.5. ಅರ್ಧ, ಕಾಲು, ಕಾಲು. ತುಂಬಾ ಗಟ್ಟಿಯಾದ ಗ್ರಿಡ್, ಆದರೆ ನನ್ನ ಕಣ್ಣಿಗೆ ಸ್ವಲ್ಪ ಮಂಕು. ಮಿಶ್ರಛಾಪಿನ 3-4 ಇದಕ್ಕಿಂತ ಮಜಾ. ಏಳರಿಂದ ಭಾಗ ಆಗಲಿ ಅಂತ ಚಿತ್ರವನ್ನು 266 ಮಿಮೀ ಮಾಡಿ. ಮಾತ್ರೆಗೆ 38, ಅಂದರೆ 114 ಮತ್ತು 152. ಮಾಟುಂಗದ ಸಭಾಂಗಣಗಳಲ್ಲಿ ಯಕ್ಷಗಾನ ನೋಡುವವರು ಚಂಡೆಯ ಪೆಟ್ಟನ್ನು ಬೆರಳಲ್ಲಿ ಎಣಿಸಿಕೊಂಡು ಬನ್ನಿ. ಅದರಿಂದಲೂ ಒಳ್ಳೆಯ ಗ್ರಿಡ್ ಬರುತ್ತದೆ.

ಒಂದು ಎಚ್ಚರಿಕೆ. ತಾಳ, ರಾಗ, ಸಾಹಿತ್ಯ ಎಲ್ಲವನ್ನೂ ಒಂದೇ ಹಾಳೆಗೆ ತುರುಕಬೇಡಿ. ಒಂದು ಲೆಕ್ಕ, ಅದನ್ನು ಮುರಿಯುವ ಒಂದು ಜಾಗ. ಆಲ್ಬರ್ಸ್ ಚುಕ್ಕಿಗಳಲ್ಲಿ ಇರುವುದೂ ಅಷ್ಟೇ.

2. ಬಣ್ಣ ಬಿಡಿಸಿ

ಪ್ರತಿ ಬಣ್ಣಕ್ಕೂ ಬೇರೆ ಕಪ್ಪು-ಬಿಳಿ ಹಾಳೆ ಮಾಡುವುದಕ್ಕೆ ಸೆಪರೇಷನ್ ಅನ್ನುತ್ತಾರೆ. ಒಂದಕ್ಕಿಂತ ಹೆಚ್ಚು ಬಣ್ಣದ ಮೊದಲ ಪ್ರಿಂಟಿಗೆ ಎರಡೇ ಸ್ಕ್ರೀನ್ ಸಾಕು. ಮೂರನೇ ಬಣ್ಣ ಪುಕ್ಕಟೆ ಸಿಗುತ್ತದೆ. ಟ್ರಾನ್ಸ್‌ಪರೆಂಟ್ ಬೇಸ್ ಬೆರೆಸಿದ ಹಳದಿಯ ಮೇಲೆ ಅದೇ ಥರದ ನೀಲಿ ಬಿದ್ದ ಕಡೆ ಹಸಿರು ಬರುತ್ತದೆ. ಗುಲಾಬಿಯ ಮೇಲೆ ನೀಲಿ ಬಿದ್ದರೆ ನೇರಳೆ.

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಎರಡು ಬಣ್ಣದ ಚೌಕಗಳನ್ನು ಅಂಚಿಗೆ ಅಂಚು ತಾಗಿಸಿ ಇಡಬೇಡಿ. ಕೈಯಲ್ಲಿ ಮಾಡುವ ಪ್ರಿಂಟಿನಲ್ಲಿ ಅದು ನಿಲ್ಲುವುದಿಲ್ಲ. ಇದಕ್ಕೆ ಎರಡು ದಾರಿ ಇವೆ. ಮೇಲಿನ ಬಣ್ಣ ಗಾಢ, ಅಪಾರದರ್ಶಕ ಆಗಿದ್ದರೆ ಕೆಳಗಿನ ತಿಳಿ ಬಣ್ಣವನ್ನು ಅದರಡಿಗೆ 0.4 ಮಿಮೀ ಚಾಚಿ. ಪ್ರೆಸ್ಸಿನವರು ಇದಕ್ಕೆ ಟ್ರ್ಯಾಪ್ ಅನ್ನುತ್ತಾರೆ. ಸ್ವಲ್ಪ ಜರುಗಿದರೂ ಬಿಳಿ ಗೆರೆ ಕಾಣುವುದಿಲ್ಲ. ಆದರೆ ಎರಡೂ ಇಂಕ್ ಪಾರದರ್ಶಕವಾಗಿದ್ದರೆ ಈ ಟ್ರ್ಯಾಪೇ ಒಂದು ಕಪ್ಪು ಕೂದಲಿನ ಹಾಗೆ ಕಾಣುತ್ತದೆ. ಆಗ ಎರಡನೇ ದಾರಿ: ಆಕಾರಗಳನ್ನು ಧಾರಾಳವಾಗಿ ಒಂದರ ಮೇಲೊಂದು ಹತ್ತಿಸಿ. ಒಂದಿಡೀ ಮಾತ್ರೆ, 27 ಮಿಮೀ, ಹಳದಿ ಮತ್ತು ನೀಲಿ ಒಟ್ಟಿಗೇ ಇರಲಿ. ಆಮೇಲೆ ಅರ್ಧ ಮಿಲಿಮೀಟರ್ ಜರುಗಿದರೆ ಹಸಿರು ಪಟ್ಟಿ 27ರ ಬದಲು 26.5 ಆಗುತ್ತದೆ. ಯಾರು ಅಳೆಯುತ್ತಾರೆ ಹೇಳಿ?

1963ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪ್ರೆಸ್ ತಂದ ಆಲ್ಬರ್ಸ್ ಅವರ ಬಣ್ಣದ ಪಾಠದ ಪುಸ್ತಕಕ್ಕೆ ಹಾಳೆಗಳನ್ನು ಸ್ಕ್ರೀನ್ ಪ್ರಿಂಟಿನಲ್ಲೇ ಮಾಡಿದ್ದರು. ತುಂಬಿದ, ಸಮತಟ್ಟಾದ ಬಣ್ಣ ಬೇರೆ ವಿಧಾನದಲ್ಲಿ ಇಷ್ಟು ಚೆನ್ನಾಗಿ ಬರುವುದು ಕಷ್ಟ. ಅದರಲ್ಲಿ ಬಣ್ಣಗಳು ಅಂಚಿಗೆ ಅಂಚು ಕೂತಿರುವುದನ್ನು ನೋಡಿ ಆಸೆಪಡಬೇಡಿ. ಅದು ಪಳಗಿದವರ ಕೈಕೆಲಸ.

3. ಪಾಸಿಟಿವ್ ತೆಗೆಸಿ

ಪಾಸಿಟಿವ್ ಅಂದರೆ ಪಾರದರ್ಶಕ ಹಾಳೆಯ ಮೇಲೆ ಅಚ್ಚ ಕಪ್ಪಾಗಿ ಮೂಡಿದ ಚಿತ್ರ. ಕಪ್ಪು ಬೆಳಕನ್ನು ತಡೆಯುತ್ತದೆ, ಅಲ್ಲಿನ ಎಮಲ್ಷನ್ ಗಟ್ಟಿಯಾಗದೆ ತೊಳೆದುಹೋಗಿ ಜಾಲರಿ ತೆರೆಯುತ್ತದೆ. ಫಿಲ್ಮ್ ಸಿಕ್ಕರೆ ಉತ್ತಮ. ಟ್ರೇಸಿಂಗ್ ಪೇಪರ್ ಮೇಲೆ ಲೇಸರ್ ಪ್ರಿಂಟ್ ಅಗ್ಗ, ಆದರೆ ಮಷಿನ್ನಿನ ಬಿಸಿಗೆ ಟ್ರೇಸಿಂಗ್ ಸ್ವಲ್ಪ ಕುಗ್ಗುತ್ತದೆ. ಅದಕ್ಕೇ ಎರಡೂ ಬಣ್ಣದ ಪಾಸಿಟಿವ್ ಒಂದೇ ಮಷಿನ್ನಿನಲ್ಲಿ, ಒಂದೇ ಸಲ, ಒಂದೇ ದಿಕ್ಕಿನಲ್ಲಿ ತೆಗೆಸಿ. ಕುಗ್ಗಿದರೆ ಎರಡೂ ಒಂದೇ ಥರ ಕುಗ್ಗಲಿ.

ಅಂಗಡಿಯಿಂದ ಹೊರಡುವ ಮೊದಲು ಸ್ಟೀಲ್ ಸ್ಕೇಲಿನಲ್ಲಿ ಅಳೆಯಿರಿ. ನಾಲ್ಕು ಬದಿಯಷ್ಟೇ ಅಲ್ಲ, ಮೂಲೆಯಿಂದ ಮೂಲೆಗೂ. 270ರ ಚೌಕದ ಕರ್ಣ ಹತ್ತಿರ ಹತ್ತಿರ 382 ಮಿಮೀ. ಎರಡು ಕರ್ಣ ಬೇರೆ ಬೇರೆ ಬಂದರೆ ಚೌಕ ಓರೆಯಾಗಿದೆ. ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಕಪ್ಪಿನೊಳಗಿಂದ ಬೆಳಕು ಕಂಡರೆ ಇನ್ನೊಂದು ಪ್ರತಿ ತೆಗೆಸಿ ಒಂದರ ಮೇಲೊಂದು ಅಂಟಿಸಿ. ಚಿತ್ರದ ಹೊರಗೆ ನಾಲ್ಕು ಕಡೆ ಪ್ಲಸ್ ಗುರುತು ಇರಲೇಬೇಕು. ಎರಡು ಬಣ್ಣ ಹೊಂದಿಸುವುದು ಅವುಗಳಿಂದಲೇ.

4. ಎಮಲ್ಷನ್ ಹಚ್ಚಿ, ಒಣಗಿಸಿ

ಕತ್ತಲೆ ಕೋಣೆ, ಹಳದಿ ಝೀರೋ ಬಲ್ಬು. ಮೊದಲು ಜಾಲರಿಯನ್ನು ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ತೊಳೆದು ಪೂರ್ತಿ ಒಣಗಿಸಿ. ಬೆರಳಿನ ಜಿಡ್ಡಿದ್ದರೆ ಅಲ್ಲಿ ಎಮಲ್ಷನ್ ಹಿಡಿಯುವುದಿಲ್ಲ. ಸ್ಕೂಪ್ ಕೋಟರ್ ಅನ್ನುವ ತೊಟ್ಟಿಯಂಥ ಸಾಧನದಿಂದ ಹೊರಬದಿಗೆ (ಕಾಗದಕ್ಕೆ ತಾಗುವ ಬದಿ) ಒಂದು, ಒಳಬದಿಗೆ ಒಂದು ಕೋಟ್ ತೆಳ್ಳಗೆ ಎಳೆಯಿರಿ. ದಪ್ಪ ಹಚ್ಚಿದರೆ ಗಟ್ಟಿ ಬರುತ್ತದೆ ಅನ್ನುವುದು ತಪ್ಪು ಲೆಕ್ಕ.

ಮಳೆಗಾಲದಲ್ಲಿ ಮುಂಬೈಯವರು ಸೋಲುವುದು ಇಲ್ಲೇ. ಮುಟ್ಟಿದರೆ ಒಣಗಿದ ಹಾಗಿರುತ್ತದೆ, ಒಳಗೆ ತೇವ ಇರುತ್ತದೆ. ಬೆಳಕಿಗೆ ಇಟ್ಟು ತೊಳೆದ ಕೂಡಲೇ ಇಡೀ ಚಿತ್ರ ನೀರಿನಲ್ಲಿ ಹರಿದುಹೋಗುತ್ತದೆ. ಜನ ಎಮಲ್ಷನ್ ಕಂಪನಿಗೆ ಬೈಯುತ್ತಾರೆ. ತಪ್ಪು ಹವೆಯದ್ದು. ಕತ್ತಲೆ ಇದೆ ಅಂತ ಬಾತ್‌ರೂಮಿನಲ್ಲಿ ಒಣಗಿಸಬೇಡಿ. ಎಸಿ ಇರುವ ಕೋಣೆಯಲ್ಲಿ, ಪರದೆ ಎಳೆದು, ಹೊರಬದಿ ಕೆಳಗೆ ಮಾಡಿ ಮಲಗಿಸಿ, ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟು ರಾತ್ರಿಯಿಡೀ ಬಿಡಿ. ಎಸಿ ಇಲ್ಲದವರು ಅಕ್ಟೋಬರ್ ತನಕ ಕಾಯುವುದು ವಾಸಿ.

5. ಬೆಳಕಿಗೆ ಇಡಿ, ತೊಳೆಯಿರಿ

ಕೆಳಗೆ ಕಪ್ಪು ಬಟ್ಟೆ ಹಾಸಿದ ಸ್ಪಂಜು, ಅದರ ಮೇಲೆ ಫ್ರೇಮ್, ಜಾಲರಿಯ ಹೊರಬದಿಗೆ ಪಾಸಿಟಿವ್, ಮೇಲೆ 5 ಮಿಮೀ ಗಾಜು. ಪಾಸಿಟಿವ್ ಜಾಲರಿಗೆ ಅಂಟಿದಂತೆ ಕೂರಬೇಕು. ನಡುವೆ ಗಾಳಿ ಇದ್ದರೆ ಬೆಳಕು ಒಳಗೆ ನುಸುಳಿ ಅಂಚು ಮಸುಕಾಗುತ್ತದೆ. ನಮ್ಮ ಚಿತ್ರದಲ್ಲಿ ಅಂಚು ಬಿಟ್ಟರೆ ಬೇರೇನಿದೆ?

ಬಿಸಿಲಿನಲ್ಲೂ ಆಗುತ್ತದೆ, ಯುವಿ ಟ್ಯೂಬ್ ಹಾಕಿದ ಪೆಟ್ಟಿಗೆಯಲ್ಲೂ ಆಗುತ್ತದೆ. ಮೇ ತಿಂಗಳ ಮಧ್ಯಾಹ್ನದ ಬಿಸಿಲು ಬೇರೆ, ಡಿಸೆಂಬರ್ ಸಂಜೆಯದ್ದು ಬೇರೆ. ಹಾಗಾಗಿ ಇಷ್ಟೇ ಸೆಕೆಂಡು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಚಿಕ್ಕ ಸ್ಕ್ರೀನಿನಲ್ಲಿ ಪರೀಕ್ಷೆ ಮಾಡಿ. ಕಪ್ಪು ರಟ್ಟು ಮುಚ್ಚಿ, 30 ಸೆಕೆಂಡಿಗೊಮ್ಮೆ ಸ್ವಲ್ಪ ಸ್ವಲ್ಪ ಸರಿಸಿ. ಕಡಿಮೆಯಾದ ಕಡೆ ತೊಳೆದಾಗ ಎಮಲ್ಷನ್ ಲೋಳೆಯಾಗಿ ಬಿಡುತ್ತದೆ. ಜಾಸ್ತಿಯಾದ ಕಡೆ ಚಿತ್ರ ತೆರೆಯುವುದೇ ಇಲ್ಲ. ನಡುವಿನದ್ದು ನಿಮ್ಮದು.

ತೊಳೆಯಲು ಬಾತ್‌ರೂಮಿನ ಹೆಲ್ತ್ ಫಾಸೆಟ್‌ಗಿಂತ ಒಳ್ಳೆಯದು ಬೇರೆ ಇಲ್ಲ. ಎರಡೂ ಬದಿ ಒದ್ದೆ ಮಾಡಿ, ಎರಡು ನಿಮಿಷ ಬಿಟ್ಟು, ಮೆತ್ತಗೆ ಹೊಡೆಯಿರಿ. ಒಣಗಿದ ಮೇಲೆ ಟ್ಯೂಬ್‌ಲೈಟಿಗೆ ಹಿಡಿದು ಸೂಜಿಮೊನೆಯಂಥ ತೂತುಗಳನ್ನು ಉಳಿದ ಎಮಲ್ಷನ್‌ನಿಂದ ಮುಚ್ಚಿ, ಇನ್ನೊಮ್ಮೆ ಬೆಳಕಿಗೆ ಇಡಿ.

ಈಗ ಭೂತಗನ್ನಡಿ ಹಿಡಿದು ಚೌಕದ ಅಂಚನ್ನು ನೋಡಿ. ನೇರ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಗರಗಸದ ಹಾಗಿದೆಯಾ? ಗೆರೆ ಜಾಲರಿಯ ಎಳೆಗೆ ಹೆಚ್ಚುಕಮ್ಮಿ ಸಮಾನಾಂತರವಾಗಿ ಕೂತು, ಎಳೆಯಿಂದ ಎಳೆಗೆ ಜಾರಿದೆ ಅಂತ ಅರ್ಥ. ಮುಂದಿನ ಸಲ ಪಾಸಿಟಿವ್ ಅನ್ನು ಫ್ರೇಮಿಗೆ ಹತ್ತು-ಹದಿನೈದು ಡಿಗ್ರಿ ಓರೆಯಾಗಿ ಇಡಿ, ಅಥವಾ ಹೆಚ್ಚು ನಂಬರಿನ ಜಾಲರಿ ತನ್ನಿ. ಎರಡೂ ಬಣ್ಣ ಒಂದೇ ಓರೆಯಲ್ಲಿರಲಿ. ಕಾಗದವನ್ನೂ ಅದೇ ಓರೆಗೆ ಇಡಬೇಕಾಗುತ್ತದೆ ಅನ್ನುವುದು ನೆನಪಿರಲಿ.

6. ಹೊಂದಾಣಿಕೆ

ಇದಕ್ಕೆ ರಿಜಿಸ್ಟ್ರೇಷನ್ ಅನ್ನುತ್ತಾರೆ. ಎರಡನೇ ಬಣ್ಣ ಪ್ರತಿ ಹಾಳೆಯಲ್ಲೂ ಒಂದೇ ಜಾಗಕ್ಕೆ ಬೀಳುವಂತೆ ಮಾಡುವುದು. ಅವಸರ ಮಾಡುವವರು ಪೂರ್ತಿ ಬಂಡಲ್ ಕಳೆದುಕೊಳ್ಳುವುದು ಈ ಹಂತದಲ್ಲಿ.

ಸನ್‌ಮೈಕಾ ಹೊಡೆದ ಪ್ಲೈ ಹಲಗೆ ತನ್ನಿ. ಒಂದು ಬದಿಗೆ ಪ್ರಿಂಟಿಂಗ್ ಕ್ಲಾಂಪ್ ಅಥವಾ ಒಳ್ಳೆಯ ಬಿಜಾಗರಿ ಹಾಕಿ ಫ್ರೇಮ್ ಕೂರಿಸಿ. ಹಿಡಿದು ಅಲ್ಲಾಡಿಸಿ. ಚೂರು ಆಟ ಇದ್ದರೂ ಮುಂದೆ ಹೋಗಬೇಡಿ, ಸ್ಕ್ರೂ ಬಿಗಿ ಮಾಡಿ. ಫ್ರೇಮಿನ ಎದುರು ಬದಿಗೆ ರಟ್ಟು ಅಂಟಿಸಿ, ಜಾಲರಿ ಕಾಗದದಿಂದ 3 ಮಿಮೀ ಎತ್ತರದಲ್ಲಿ ನಿಲ್ಲಲಿ. ಕ್ಲಾಂಪ್ ಕಡೆಯೂ ಅಷ್ಟೇ ಎತ್ತರ ಇರಬೇಕು.

ಕಾಗದಕ್ಕೆ ಮೂರು ತಡೆ: ಒಂದು ಬದಿಗೆ ಎರಡು, ಪಕ್ಕದ ಬದಿಗೆ ಒಂದು. ನಾಲ್ಕು ಬೇಡ, ಮೂರೇ ಸರಿ. ಹಳೆ ಎಟಿಎಂ ಕಾರ್ಡ್ ಕತ್ತರಿಸಿ ಹಾಕುವವರಿದ್ದಾರೆ. ಅದು ದಪ್ಪ ಜಾಸ್ತಿ, ಜಾಲರಿಗೆ ಒತ್ತಿ ಗಾಯ ಮಾಡುತ್ತದೆ. ಅದೇ ಕಾಗದದ ಎರಡು ತುಂಡು ಒಂದರ ಮೇಲೊಂದು ಅಂಟಿಸಿದರೆ ಸಾಕು. ಕಟಿಂಗ್ ಮಷಿನ್ನಿನಲ್ಲಿ ಕತ್ತರಿಸಿದ ಹಾಳೆ ಯಾವತ್ತೂ ಪಕ್ಕಾ ಚೌಕ ಇರುವುದಿಲ್ಲ. ಪ್ರತಿ ಹಾಳೆಯ ಹಿಂದೆ ಒಂದು ಮೂಲೆಗೆ ಪೆನ್ಸಿಲ್ ಗುರುತು ಹಾಕಿ. ಎರಡೂ ಬಣ್ಣಕ್ಕೆ ಅದೇ ಮೂಲೆ ತಡೆಗೆ ತಾಗಲಿ.

ಎರಡನೇ ಬಣ್ಣ ಹೊಂದಿಸಲು ಒಂದು ಪ್ಲಾಸ್ಟಿಕ್ ಶೀಟ್ ಬೇಕು. ದಪ್ಪ, ಪಾರದರ್ಶಕ, ಓಎಚ್‌ಪಿ ಶೀಟಿನಂಥದ್ದು. ಅದರ ಒಂದು ಅಂಚನ್ನು ಹಲಗೆಗೆ ಟೇಪ್ ಹಚ್ಚಿ, ಎರಡನೇ ಬಣ್ಣವನ್ನು ಅದರ ಮೇಲೆಯೇ ಪ್ರಿಂಟ್ ಮಾಡಿ. ಈಗ ಶೀಟಿನ ಕೆಳಗೆ ಮೊದಲ ಬಣ್ಣ ಬಿದ್ದ ಹಾಳೆ ತೂರಿಸಿ, ಪ್ಲಸ್ಸಿಗೆ ಪ್ಲಸ್ ಕೂರುವ ತನಕ ಸರಿಸಿ. ಕೂತಾಗ ಹಾಳೆಯನ್ನು ಅಲ್ಲಾಡಿಸದೆ ಮೂರು ತಡೆ ಅಂಟಿಸಿ. ಶೀಟನ್ನು ಆಚೆ ಮಡಚಿ. ಇನ್ನು ಕಣ್ಣುಮುಚ್ಚಿ ಹಾಳೆ ಇಟ್ಟರೂ ಅದೇ ಜಾಗಕ್ಕೆ ಬೀಳುತ್ತದೆ.

ಮಳೆಗಾಲದ ಇನ್ನೊಂದು ತೊಂದರೆ: ಕಾಗದ ತೇವ ಕುಡಿದು ಹಿಗ್ಗುತ್ತದೆ. ಎಲ್ಲ ಕಡೆ ಸಮನಾಗಿ ಅಲ್ಲ, ನಾರಿನ ಅಡ್ಡಕ್ಕೆ ಜಾಸ್ತಿ. ಶನಿವಾರ ಹಳದಿ ಹಾಕಿ, ಭಾನುವಾರ ನೀಲಿ ಹಾಕುವಾಗ ಎಡಗಡೆ ಸರಿಯಾಗಿ ಕೂತು ಬಲಗಡೆ ತಪ್ಪಿದರೆ ಕಾರಣ ಇದೇ. ಎಷ್ಟು ಸರಿಸಿದರೂ ಸರಿಹೋಗುವುದಿಲ್ಲ. ಕಾಗದವನ್ನು ಒಂದು ದಿನ ಮೊದಲೇ ಅದೇ ಕೋಣೆಯಲ್ಲಿ ಬಿಚ್ಚಿಡಿ. ಸಾಧ್ಯವಾದರೆ ಎರಡೂ ಬಣ್ಣವನ್ನು ಒಂದೇ ದಿನ ಮುಗಿಸಿ. ಒಂದೇ ದಿಕ್ಕಿಗೆ ಕತ್ತರಿಸಿ ಅಂದಿದ್ದು ಇದಕ್ಕೇ. ಹಿಗ್ಗಿದರೂ ಎಲ್ಲ ಹಾಳೆ ಒಂದೇ ಕಡೆಗೆ ಹಿಗ್ಗಲಿ.

7. ಪ್ರಿಂಟ್ ಮಾಡಿ

ಇಂಕ್ ದೋಸೆ ಹಿಟ್ಟಿನ ಹದಕ್ಕೆ ಇರಲಿ. ತೆಳುವಾದರೆ ಜಾಲರಿಯ ಕೆಳಗೆ ಜಿನುಗಿ ಅಂಚು ಕೆಡುತ್ತದೆ. ಬೇಕಾದ್ದಕ್ಕಿಂತ ಜಾಸ್ತಿಯೇ ಕಲಸಿಡಿ. ಅರ್ಧದಲ್ಲಿ ಮುಗಿದರೆ ಅದೇ ಬಣ್ಣ ಮತ್ತೆ ಬರುವುದಿಲ್ಲ. ತಿಳಿ ಬಣ್ಣ ಮೊದಲು, ಗಾಢ ಆಮೇಲೆ.

ಫ್ಯಾನ್ ಆಫ್ ಮಾಡಿ. ಸೆಖೆ ಆಗುತ್ತದೆ, ನಿಜ. ಆದರೆ ಫ್ಯಾನ್ ಕೆಳಗೆ ನೀರಿನ ಇಂಕ್ ಜಾಲರಿಯಲ್ಲೇ ಒಣಗಿ ರಂಧ್ರ ಕಟ್ಟುತ್ತದೆ. ರಿಟಾರ್ಡರ್ ಅನ್ನುವ, ಒಣಗುವುದನ್ನು ನಿಧಾನ ಮಾಡುವ ದ್ರವ ಸಿಗುತ್ತದೆ, ಚೂರು ಬೆರೆಸಿ. ಫೋನ್ ಸೈಲೆಂಟ್ ಇರಲಿ. ಶುರು ಮಾಡಿದ ಮೇಲೆ ನಡುವೆ ನಿಲ್ಲಿಸುವ ಹಾಗಿಲ್ಲ.

ಫ್ರೇಮ್ ಎತ್ತಿ ಹಿಡಿದು, ಒತ್ತದೆ, ಇಂಕನ್ನು ಚಿತ್ರದ ಮೇಲೆ ಒಮ್ಮೆ ಹರಡಿ. ಇದಕ್ಕೆ ಫ್ಲಡ್ ಅನ್ನುತ್ತಾರೆ. ಫ್ರೇಮ್ ಇಳಿಸಿ. ಸ್ಕ್ವೀಜಿಯನ್ನು ನಿಮ್ಮ ಕಡೆಗೆ ವಾಲಿಸಿ, ಎರಡೂ ಕೈಯಿಂದ ಒಂದೇ ಒತ್ತಡದಲ್ಲಿ, ನಿಲ್ಲಿಸದೆ ಎಳೆಯಿರಿ. ಎಳೆಯುವಾಗ ಪಟ್ಟಿಯ ಹಿಂದೆಯೇ ನೋಡಿ. ಜಾಲರಿ ಕಾಗದದಿಂದ ಬಿಡುವ ಒಂದು ಗೆರೆ ಪಟ್ಟಿಯ ಬೆನ್ನಿಗೇ ಓಡುತ್ತಿರಬೇಕು, ಸರ್ ಅಂತ ಸಣ್ಣ ಶಬ್ದ ಬರಬೇಕು. ಆ ಗೆರೆ ಹಿಂದೆ ಬಿದ್ದರೆ ಜಾಲರಿ ಅಂಟಿಕೊಳ್ಳುತ್ತಿದೆ ಅಂತ ಅರ್ಥ. ಫ್ರೇಮ್ ಇನ್ನೊಂದು ಮಿಲಿಮೀಟರ್ ಎತ್ತರಿಸಿ. ಬಲ ಹಾಕಿ ಒತ್ತಿದರೆ ಚೆನ್ನಾಗಿ ಬರುತ್ತದೆ ಅಂದುಕೊಳ್ಳಬೇಡಿ. ಜಾಲರಿ ಎಳೆದು ಚೌಕ ಉದ್ದವಾಗುತ್ತದೆ, ಅಷ್ಟೇ.

ಮೊದಲ ನಾಲ್ಕೈದು ಪ್ರಿಂಟ್ ಹಳೆ ಪೇಪರಿನ ಮೇಲೆ ಹೋಗಲಿ. 20 ಒಳ್ಳೆಯ ಪ್ರಿಂಟ್ ಬೇಕಿದ್ದರೆ 28-30 ಹಾಳೆಗೆ ಮೊದಲ ಬಣ್ಣ ಹಾಕಿ. ಎರಡನೇ ಬಣ್ಣದಲ್ಲಿ ಕೆಲವು ಹಾಳಾಗಿಯೇ ಆಗುತ್ತವೆ. ಒಣಗಿಸಲು ಬಟ್ಟೆ ಹಗ್ಗ, ಕ್ಲಿಪ್ಪು ಸಾಕು. ಚಾಳಿನ ಗ್ಯಾಲರಿಯಲ್ಲಿ ಒಣ ಹಾಕುವವರು ಪಾರಿವಾಳದ ಕಡೆ ಒಂದು ಕಣ್ಣಿಡಿ.

8. ತೊಳೆದಿಡಿ

ಉಳಿದ ಇಂಕನ್ನು ಮೊದಲು ಡಬ್ಬಿಗೆ ತುಂಬಿ, ಜಾಲರಿಯನ್ನು ಪೇಪರಿನಿಂದ ಒರೆಸಿ, ಆಮೇಲೆ ನೀರು. ತಕ್ಷಣ ಮಾಡಿ. ಎಮಲ್ಷನ್ ತೆಗೆಯಲು ಅಂಗಡಿಯಲ್ಲಿ ಸಿಗುವ ರಿಮೂವರ್ ಬಳಸಿ. ಕೆಲವರು ಬ್ಲೀಚ್ ಹಾಕುತ್ತಾರೆ. ಹಾಕುವುದಾದರೆ ಟಾಯ್ಲೆಟ್ ತೊಳೆಯುವ ಆಸಿಡ್ ಹತ್ತಿರವೂ ಸುಳಿಯಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಚಿಕ್ಕ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಅಪಾಯ.

9. ನಂಬರ್, ಸಹಿ, ಹಕ್ಕು

ಚಿತ್ರದ ಕೆಳಗೆ ಎಡಕ್ಕೆ ಪೆನ್ಸಿಲಿನಲ್ಲಿ 7/20 ಅಂತ ಬರೆಯಿರಿ, ಇಪ್ಪತ್ತರಲ್ಲಿ ಏಳನೆಯದು ಅಂತ. ಬಲಕ್ಕೆ ಸಹಿ. 20 ಅಂದ ಮೇಲೆ 20ಕ್ಕೇ ನಿಲ್ಲಿಸಿ. ನಿಮಗಾಗಿ ಇಟ್ಟುಕೊಳ್ಳುವ ಒಂದೆರಡಕ್ಕೆ ಆರ್ಟಿಸ್ಟ್ ಪ್ರೂಫ್ ಅಂತ ಗುರುತು ಹಾಕಬಹುದು.

ಇದ್ದ ಕವರನ್ನೇ ನಕಲು ಮಾಡಿ ಮಾರಬಹುದಾ ಅಂತ ಬಹಳ ಜನ ಕೇಳುತ್ತಾರೆ. ಬೇಡ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಲಾಕೃತಿಯ ಹಕ್ಕು ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಆಲ್ಬರ್ಸ್ ತೀರಿಕೊಂಡದ್ದು 1976ರಲ್ಲಿ. ಲೆಕ್ಕ ನೀವೇ ಹಾಕಿ. ಹಾಡಿನ ಹಕ್ಕು ಬೇರೆ, ಕವರ್ ಚಿತ್ರದ ಹಕ್ಕು ಬೇರೆ. ಗಾಯಕರ ಹೆಸರು, ಮುಖ ಹಾಕಿ ಮಾರುವುದಾದರೆ ಅನುಮತಿ ತೆಗೆದುಕೊಳ್ಳಿ. ಝಪ್‌ತಾಲ್ ಮಾತ್ರ ಯಾರಪ್ಪನ ಸ್ವತ್ತೂ ಅಲ್ಲ.

10. ಸ್ನೇಹಿತರ ಹಾಡಿಗೆ ಕವರ್ ಮಾಡುವುದಾದರೆ

ಆನ್‌ಲೈನ್‌ನಲ್ಲಿ ಹಾಡು ಬಿಡಲು ಸಾಮಾನ್ಯವಾಗಿ 3000 ಪಿಕ್ಸೆಲ್ ಚೌಕದ ಚಿತ್ರ ಕೇಳುತ್ತಾರೆ. 270 ಮಿಮೀ ಪ್ರಿಂಟನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 3190 ಪಿಕ್ಸೆಲ್ ಸಿಗುತ್ತದೆ. ಮನೆಯ ಎ4 ಸ್ಕ್ಯಾನರ್‌ನಲ್ಲಿ ಹಿಡಿಯುವುದಿಲ್ಲ, ಎ3 ಇರುವ ಅಂಗಡಿಗೆ ಹೋಗಿ. ಫೋನಿನಲ್ಲಿ ಫೋಟೋ ತೆಗೆದರೆ ಚೌಕದ ಬದಿಗಳು ಬಾಗುತ್ತವೆ. ಅಪ್ಲೋಡ್ ಮಾಡುವ ಮೊದಲು ಚಿತ್ರವನ್ನು ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಜನ ಅದನ್ನು ನೋಡುವುದು ಆ ಅಳತೆಯಲ್ಲೇ. ಅಕ್ಷರ ಕರಗಿಹೋಗಿರುತ್ತವೆ. ಮೂರು ಪಟ್ಟಿ, ಒಂದು ಖಾಲಿ ಜಾಗ ಉಳಿದಿದ್ದರೆ ಡಿಸೈನ್ ಸರಿ ಇದೆ.

ನಿಜವಾದ ಎಲ್ಪಿ ಕವರಿನ ಮೇಲೆಯೇ ಪ್ರಿಂಟ್ ಮಾಡುವ ಆಸೆ ಇದ್ದರೆ, ಅಂಟಿಸಿ ಸಿದ್ಧವಾದ ಖಾಲಿ ಕವರ್ ತರಬೇಡಿ. ಒಳಗೆ ಮಡಚಿ ಅಂಟಿಸಿದ ಕಡೆ ದಪ್ಪ ಜಾಸ್ತಿ ಇರುತ್ತದೆ. ಸ್ಕ್ವೀಜಿ ಆ ಮೆಟ್ಟಿಲಿನಲ್ಲಿ ಹಾರಿ, ಅಂಚಿನುದ್ದಕ್ಕೂ ಬಿಳಿ ಪಟ್ಟಿ ಬಿಡುತ್ತದೆ. ಡೈ ಕಟಿಂಗ್ ಮಾಡುವವರಿಂದ ಮಡಚದ ಚಪ್ಪಟೆ ರಟ್ಟು ತಂದು, ಪ್ರಿಂಟ್ ಮಾಡಿ, ಎರಡು ದಿನ ಚೆನ್ನಾಗಿ ಒಣಗಿಸಿ, ಆಮೇಲೆ ಮಡಚಿಸಿ. ಒಣಗುವ ಮೊದಲು ಅಂಗಡಿಗೆ ಕೊಟ್ಟರೆ ಮಡಿಕೆಯಲ್ಲಿ ಇಂಕ್ ಕೆಡುತ್ತದೆ. ಮಡಿಕೆಯ ಗೆರೆಯಿಂದ 3-4 ಮಿಮೀ ಒಳಗೇ ಚಿತ್ರ ನಿಲ್ಲಿಸುವುದು ಇನ್ನೂ ಒಳ್ಳೆಯದು.